ಆ ಒಂದೂವರೆ ಕಿಲೋ

ರಾಣೆಬೆನ್ನೂರು ತಾಲ್ಲೂಕಿನ ಯಾವ ಊರಿನ ಕಟ್ಟೆಗೆ ಹೋಗಿ, ಬೆಳೆ ವಿಮೆ ಬಂತೇನ್ರೀ ಎಂದು ಕೇಳಿದರೂ ಉತ್ತರ ಹೆಚ್ಚುಕಡಿಮೆ ಒಂದೇ. "ಅವರಿಗೆ ಬಂದೈತಿ, ನಮಗ ಬಂದಿಲ್ಲ." ಅವರು ಎಂದರೆ ಪಕ್ಕದ ಪಂಚಾಯ್ತಿಯವರು. ನಡುವೆ ಇರುವುದು ಒಂದು ಬದು. ಮಳೆ ಇಬ್ಬರಿಗೂ ಒಂದೇ, ಬೀಜದ ಅಂಗಡಿ ಒಂದೇ, ಒಣಗಿದ್ದೂ ಒಟ್ಟಿಗೇ. ಮತ್ತೆ ಯಾಕೆ ಹೀಗೆ ಎಂದರೆ, "ಯಾರಿಗ್ ಗೊತ್ತ್ರೀ" ಎಂದು ಎದ್ದು ಹೋಗುತ್ತಾರೆ.

ಗೊತ್ತಿರುವವರು ಇದ್ದಾರೆ. ಹೊಲಕ್ಕೆ ಬಂದು ತೂಕ ಮಾಡಿದವರಿಗೆ ಗೊತ್ತು. ಆ ತೂಕವನ್ನು ಮೊಬೈಲಿಗೆ ಏರಿಸಿದವರಿಗೆ ಗೊತ್ತು. ಬ್ಯಾಂಕಿನಲ್ಲಿ, ಗ್ರಾಮ ಒನ್ ಕೇಂದ್ರದಲ್ಲಿ ಅರ್ಜಿ ತುಂಬಿದವರಿಗೆ, ವಿಮಾ ಕಂಪನಿಯ ಜಿಲ್ಲಾ ಪ್ರತಿನಿಧಿಗೆ, ಕೃಷಿ ಇಲಾಖೆಯ ಮೇಜಿನ ಹಿಂದೆ ಕುಳಿತವರಿಗೆ ತಮ್ಮ ತಮ್ಮ ಪಾಲಿನಷ್ಟು ಗೊತ್ತು. ಗೊತ್ತಿಲ್ಲದವನು ಒಬ್ಬನೇ, ವಿಮೆ ಕಂತು ಕಟ್ಟಿದವನು. ಈ ಮಾತು ಗೊತ್ತಿರುವವರನ್ನು ಉದ್ದೇಶಿಸಿ.

ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆ ಜಾರಿಗೆ ಬಂದದ್ದು 2016ರ ಮುಂಗಾರಿಗೆ. ನಮ್ಮಲ್ಲಿ ಅದರ ಮುಂದೆ ಕರ್ನಾಟಕ ರೈತ ಸುರಕ್ಷಾ ಎಂಬ ಹೆಸರೂ ಸೇರಿದೆ. ಮುಂಗಾರಿನ ಆಹಾರ ಬೆಳೆ, ಎಣ್ಣೆಕಾಳಿಗೆ ವಿಮಾ ಮೊತ್ತದ ಶೇ. 2, ಹಿಂಗಾರಿಗೆ ಶೇ. 1.5, ಹತ್ತಿ, ಉಳ್ಳಾಗಡ್ಡಿ, ಮೆಣಸಿನಕಾಯಿಯಂಥ ವಾಣಿಜ್ಯ ಮತ್ತು ತೋಟಗಾರಿಕೆ ಬೆಳೆಗೆ ಶೇ. 5, ರೈತ ಕಟ್ಟುವುದು ಇಷ್ಟು. ಉಳಿದ ಕಂತು ಕೇಂದ್ರ, ರಾಜ್ಯ ಸರ್ಕಾರಗಳದು. 2020ರಿಂದ ಬೆಳೆಸಾಲ ತೆಗೆದವರಿಗೂ ಇದು ಕಡ್ಡಾಯವಲ್ಲ. ಅಂದರೆ ಇವತ್ತು ಜುಲೈ ತಿಂಗಳಲ್ಲಿ ಸಾಲಿನಲ್ಲಿ ನಿಂತು ಕಂತು ಕಟ್ಟುವವನು ನಂಬಿ ಕಟ್ಟುತ್ತಾನೆ, ಬಲವಂತಕ್ಕಲ್ಲ. ಆ ನಂಬಿಕೆಯನ್ನು ನಾವು ಹೇಗೆ ನಡೆಸಿಕೊಂಡಿದ್ದೇವೆ ಎಂಬುದೇ ಪ್ರಶ್ನೆ.

ಬಹಳ ಜನರಿಗೆ ತಿಳಿಯದ ಒಂದು ಸಂಗತಿ ಇದೆ. ನನ್ನ ಹೊಲದ ನಷ್ಟಕ್ಕೆ ನನಗೆ ಪರಿಹಾರ ಸಿಗುವ ವಿಮೆ ಇದಲ್ಲ. ಮುಖ್ಯ ಬೆಳೆಗೆ ಗ್ರಾಮ ಪಂಚಾಯ್ತಿ ಒಂದು ಘಟಕ, ಉಳಿದವಕ್ಕೆ ಹೋಬಳಿ ಒಂದು ಘಟಕ. ಪಂಚಾಯ್ತಿಯಲ್ಲಿ ಒಂದು ಬೆಳೆಗೆ 4 ಬೆಳೆ ಕಟಾವು ಪ್ರಯೋಗ ನಡೆಯುತ್ತವೆ. ನಾಲ್ಕರ ಸರಾಸರಿಯೇ ಇಡೀ ಪಂಚಾಯ್ತಿಯ ಇಳುವರಿ. ನಾಲ್ಕು ಹೊಲದ ತೂಕ ಎಲ್ಲರ ಹಣೆಬರಹ ಬರೆಯುತ್ತದೆ.

ಕೊಯ್ಲಿನ ಹೊತ್ತಿಗೆ ಈ ಪ್ರಯೋಗ ನಡೆಯುವ ಒಂದು ಗೋವಿನಜೋಳದ ಹೊಲಕ್ಕೆ ಹೋಗಿ ನಿಂತು ನೋಡಿ. ಯಾವ ಸರ್ವೆ ನಂಬರು ಎಂಬುದು ಮೊದಲೇ ಆಯ್ಕೆಯಾಗಿ ಬಂದಿರುತ್ತದೆ. ಕೊಟ್ಟ ಸಂಖ್ಯೆ ಹಿಡಿದು ಹೊಲದ ಮೂಲೆಯಿಂದ ಉದ್ದಕ್ಕೆ ಇಷ್ಟು, ಅಡ್ಡಕ್ಕೆ ಇಷ್ಟು ಹೆಜ್ಜೆ ನಡೆದು ಗೂಟ ಹೊಡೆಯುತ್ತಾರೆ. ನಾಲ್ಕು ಗೂಟ, ಸುತ್ತ ಹಗ್ಗ. ಹಗ್ಗದೊಳಗಿನ ಗಿಡದ ತೆನೆ ಮಾತ್ರ ಮುರಿಯಬೇಕು. ಹಗ್ಗದ ಮೇಲೇ ನಿಂತ ಗಿಡ ಒಳಗಿನದೋ ಹೊರಗಿನದೋ ಎಂದು ಬುಡ ನೋಡಿ ತೀರ್ಮಾನಿಸಬೇಕು. ತೆನೆ ಸುಲಿದು, ಕಾಳು ಬಿಡಿಸಿ, ತಾಡಪಾಲಿನ ಮೇಲೆ ಗುಡ್ಡೆ ಹಾಕಿ, ತಕ್ಕಡಿಗೆ ಏರಿಸಿ, ಫೋಟೊ ಹೊಡೆದು, ಅಂಕಿ ತುಂಬುವುದು. ಬಿಸಿಲಿನಲ್ಲಿ ಅರ್ಧ ದಿನದ ಕೆಲಸ. ತಲಾಠಿಗೆ ಬೇರೆ ನೂರು ಕೆಲಸ ಇರುತ್ತವೆ, ಕೃಷಿ ಸಹಾಯಕರಿಗೆ ಇನ್ನೊಂದು ಹೊಲ ಕಾಯುತ್ತಿರುತ್ತದೆ. ಹೊಲದ ಮಾಲೀಕನಿಗೂ ಕಟಾವಿನ ಮಷೀನು ಬಂದು ನಿಂತಿರುವ ಅವಸರ.

ಈಗ ಲೆಕ್ಕ ನೋಡೋಣ. ಬೆಳೆಗೆ ತಕ್ಕಂತೆ ಹಗ್ಗದೊಳಗಿನ ಪಟ್ಟಿಯ ಅಳತೆ ಬೇರೆಯಾಗುತ್ತದೆ. ಸುಲಭಕ್ಕೆ 5 ಮೀಟರ್ ಉದ್ದ, 5 ಮೀಟರ್ ಅಗಲ ಎಂದುಕೊಳ್ಳಿ. ಅದು 25 ಚದರ ಮೀಟರ್. ಒಂದು ಹೆಕ್ಟೇರಿನಲ್ಲಿ ಇಂಥ 400 ಪಟ್ಟಿ ಹಿಡಿಯುತ್ತವೆ. ಎಂದರೆ ಈ ಪಟ್ಟಿಯಲ್ಲಿ 1 ಕಿಲೋ ಹೆಚ್ಚು ಬರೆದರೆ ಹೆಕ್ಟೇರಿಗೆ 4 ಕ್ವಿಂಟಲ್ ಹೆಚ್ಚು ಬೆಳೆದಂತೆ. ಆ ಪಂಚಾಯ್ತಿಯ ಹಿಂದಿನ 7 ವರ್ಷಗಳಲ್ಲಿ ಒಳ್ಳೆಯ 5 ವರ್ಷಗಳ ಸರಾಸರಿ ಹೆಕ್ಟೇರಿಗೆ 40 ಕ್ವಿಂಟಲ್ ಎನ್ನಿ. ಅದರ ಶೇ. 80 ಖಾತರಿ ಎಂದರೆ 32 ಕ್ವಿಂಟಲ್. ಇದೇ ಪ್ರಾರಂಭಿಕ ಇಳುವರಿ. ಇದಕ್ಕಿಂತ ಎಷ್ಟು ಕಡಿಮೆ ಬಂತೋ ಅಷ್ಟು ಪಾಲು ಪರಿಹಾರ. ವಿಮಾ ಮೊತ್ತ ಹೆಕ್ಟೇರಿಗೆ 60,000 ರೂಪಾಯಿ ಎಂದುಕೊಂಡರೆ, ನಿಜವಾಗಿ 24 ಕ್ವಿಂಟಲ್ ಬಂದಾಗ ನಷ್ಟ ಶೇ. 25, ಪರಿಹಾರ 15,000. ಎಕರೆಗೆ ಸುಮಾರು 6,000 ರೂಪಾಯಿ.

ನಾಲ್ಕೂ ಪಟ್ಟಿಯಲ್ಲಿ ಒಂದೂವರೆ ಕಿಲೋ ಹೆಚ್ಚು ಬರೆದುಬಿಟ್ಟರು ಎನ್ನಿ. ಇಲ್ಲವೆ ಮೂರು ಪಟ್ಟಿ ಸರಿಯಾಗಿ ತೂಗಿ, ನಾಲ್ಕನೆಯದಕ್ಕೆ ಹೋಗದೆಯೇ ಆರು ಕಿಲೋ ಹೆಚ್ಚಿಗೆ ಬರೆದರು ಎನ್ನಿ. ಎರಡೂ ಒಂದೇ. ಇಳುವರಿ 30 ಕ್ವಿಂಟಲ್ ಆಯಿತು. ಪರಿಹಾರ ಹೆಕ್ಟೇರಿಗೆ 3,750ಕ್ಕೆ ಇಳಿಯಿತು. ಎಕರೆಗೆ ಒಂದೂವರೆ ಸಾವಿರ. ಒಂದೂವರೆ ಕಿಲೋ ಗೋವಿನಜೋಳ ಪ್ರತಿ ಎಕರೆಯಿಂದ ನಾಲ್ಕೂವರೆ ಸಾವಿರ ರೂಪಾಯಿ ಎತ್ತಿಕೊಂಡು ಹೋಯಿತು. ಪಂಚಾಯ್ತಿಯಲ್ಲಿ 1,000 ಎಕರೆಗೆ ವಿಮೆ ಆಗಿದ್ದರೆ ಅದು 45 ಲಕ್ಷ. ಯಾರೂ ಬೀಗ ಮುರಿಯಲಿಲ್ಲ, ಯಾರೂ ಲಂಚ ಎಣಿಸಲೂ ಇಲ್ಲದಿರಬಹುದು. ಬಿಸಿಲು ಜೋರಿತ್ತು, ಅಂದಾಜಿಗೆ ಬರೆದರು. ಅಷ್ಟೇ.

ಇದರಲ್ಲಿ ಇನ್ನೂ ಒಂದು ಸೂಕ್ಷ್ಮ ಇದೆ, ಅದನ್ನು ಹೊಲದಲ್ಲಿ ನಿಂತವರಿಗೆ ಬಿಡಿಸಿ ಹೇಳಬೇಕಿಲ್ಲ. ಹಸಿ. ಮಳೆಗಾಲದ ಬಾಲದಲ್ಲಿ ಮುರಿದ ತೆನೆಯ ಕಾಳಿನಲ್ಲಿ ಶೇ. 28ರಷ್ಟು ತೇವ ಇರಬಹುದು. ಮಾರುಕಟ್ಟೆಯಲ್ಲಿ ದಲಾಲಿ ಒಪ್ಪುವುದು ಶೇ. 14ರ ಆಸುಪಾಸಿನ ಕಾಳನ್ನು. 100 ಕಿಲೋ ಹಸಿ ಕಾಳು ಅಷ್ಟು ಒಣಗಿದರೆ ಉಳಿಯುವುದು ಸುಮಾರು 84 ಕಿಲೋ. ರಾಣೆಬೆನ್ನೂರು ಎಪಿಎಂಸಿಯಲ್ಲಿ ಹಸಿ ಇದೆ ಎಂದು ರೈತನ ಚೀಲದಿಂದ ತೂಕ ಕಡಿಯುತ್ತಾರೆ. ಅದೇ ಹಸಿ ಕಾಳು ವಿಮೆಯ ತಕ್ಕಡಿಗೆ ಬಂದಾಗ ಒಣ ಕಾಳಿನ ಲೆಕ್ಕದಲ್ಲಿ ಕೂತುಬಿಟ್ಟರೆ? ಮಾರುವಾಗ ನೀರಿಗೆ ಬೆಲೆ ಇಲ್ಲ, ಪರಿಹಾರ ಕೇಳುವಾಗ ನೀರೂ ಫಸಲು. ತೇವ ಕಳೆದು ಬರೆಯುವ ಕ್ರಮ ಅಂಕಿಅಂಶದವರಿಗೆ ಚೆನ್ನಾಗಿ ಗೊತ್ತು. ಕಳೆದಿದ್ದೀರಾ ಎಂಬುದನ್ನು ನೀವು ನಿಮ್ಮನ್ನೇ ಕೇಳಿಕೊಳ್ಳಬೇಕು.

ಇದನ್ನು ಓದುವ ತಲಾಠಿಗಳೇ, ಕೃಷಿ ಅಧಿಕಾರಿಗಳೇ, ನಿಮ್ಮ ಕಷ್ಟ ನನಗೆ ಕಾಣದೆ ಇಲ್ಲ. ಎರಡು ಕಡೆಯಿಂದ ನಿಮ್ಮ ಕೈ ಜಗ್ಗುತ್ತಾರೆ. ಕಂಪನಿಯವನು ಪಕ್ಕದಲ್ಲಿ ನಿಂತು ದುಂಡನೆಯ ತೆನೆ ತೋರಿಸುತ್ತಾನೆ. ಊರವರು ಇನ್ನೊಂದು ಪಕ್ಕ ನಿಂತು, "ಸ್ವಲ್ಪ ಕಮ್ಮಿ ಬರೀರಿ ಸಾಹೇಬ್ರ, ಊರಿಗೆ ಒಳ್ಳೇದಾಗ್ತೈತಿ" ಎನ್ನುತ್ತಾರೆ. ಊರವರ ಈ ಮಾತಿಗೂ ಉತ್ತರ ಹೇಳಿಬಿಡಬೇಕು. ಬೆಳೆದದ್ದನ್ನು ಬೆಳೆದಿಲ್ಲ ಎಂದು ಬರೆಸಿದ ವರ್ಷ ಹಣ ಬರುತ್ತದೆ, ನಿಜ. ಆದರೆ ಆ ಸುಳ್ಳು ಇಳುವರಿಯೇ ಮುಂದೆ ಏಳು ವರ್ಷದ ಪಟ್ಟಿಯಲ್ಲಿ ಕೂರುತ್ತದೆ. ಕಡಿಮೆ ಬರೆಸಿದಷ್ಟೂ ಸರಾಸರಿ ಕುಸಿಯುತ್ತದೆ, ಸರಾಸರಿ ಕುಸಿದಷ್ಟೂ ಪ್ರಾರಂಭಿಕ ಇಳುವರಿ ಇಳಿಯುತ್ತದೆ. ನಿಜವಾದ ಬರ ಬಂದ ವರ್ಷ ನಿಮ್ಮದೇ ಹಳೆಯ ಸುಳ್ಳು ನಿಮಗೆ ಅಡ್ಡ ನಿಲ್ಲುತ್ತದೆ. ನೆರೆಯ ಮಹಾರಾಷ್ಟ್ರ 2023ರಲ್ಲಿ ಒಂದು ರೂಪಾಯಿಗೆ ಬೆಳೆ ವಿಮೆ ಎಂದಿತು. ಬೋಗಸ್ ಅರ್ಜಿಗಳ ಹಾವಳಿಗೆ 2025ರಲ್ಲಿ ಅದನ್ನು ಕೈಬಿಟ್ಟಿತು. ಕೆಟ್ಟದ್ದು ಸುಳ್ಳು ಅರ್ಜಿ ಹಾಕಿದವನಿಗಲ್ಲ, ಅವನ ಹಿಂದೆ ಸಾಲಿನಲ್ಲಿ ನಿಂತಿದ್ದ ನಿಜವಾದ ರೈತನಿಗೆ.

ಸುಳ್ಳು ಹೇಳದ ಊರಿಗೂ ಈ ಸರಾಸರಿ ಒಂದು ಅನ್ಯಾಯ ಮಾಡುತ್ತದೆ. ಮೇಲಿಂದ ಮೇಲೆ ಬರವೋ ಅತಿವೃಷ್ಟಿಯೋ ಬಡಿದ ಪಂಚಾಯ್ತಿಯ ಪ್ರಾರಂಭಿಕ ಇಳುವರಿ ತಾನಾಗಿಯೇ ಕೆಳಗೆ ಬರುತ್ತದೆ. ಏಳರಲ್ಲಿ ಎರಡು ಕೆಟ್ಟ ವರ್ಷ ಬಿಡುತ್ತಾರೆ, ಸರಿ. ನಾಲ್ಕು ಕೆಟ್ಟ ವರ್ಷ ಬಂದ ಊರು ಏನು ಮಾಡಬೇಕು? ಹೆಚ್ಚು ಪೆಟ್ಟು ತಿಂದವನಿಗೆ ಕಡಿಮೆ ರಕ್ಷಣೆ ಎಂಬುದು ಯಾವ ವಿಮೆಯ ನೀತಿ? 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಸರ್ಕಾರವೇ ಘೋಷಿಸಿತು. ಬರ ಘೋಷಣೆ ಬೇರೆ, ವಿಮೆ ಇಳುವರಿ ಬೇರೆ ಎಂದು ಕಚೇರಿಯಲ್ಲಿ ಹೇಳುತ್ತಾರೆ. ನಿಯಮದ ಪ್ರಕಾರ ಅದು ಸರಿ. ಆದರೆ ಒಂದೇ ಸರ್ಕಾರ ಒಂದು ಕೈಯಲ್ಲಿ ಬೆಳೆ ಹೋಯಿತು ಎಂದು ಬರೆದು, ಇನ್ನೊಂದು ಕೈಯಲ್ಲಿ ಬೆಳೆ ಬಂತು ಎಂದು ಬರೆದರೆ, ಎರಡು ಕಾಗದ ಹಿಡಿದು ನಿಂತವನಿಗೆ ಯಾವುದನ್ನು ನಂಬು ಎನ್ನುತ್ತೀರಿ?

ಬ್ಯಾಡಗಿ ಕಡೆಯ ಹೊಲಕ್ಕೆ ಬನ್ನಿ. ಇಲ್ಲಿನ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಅದರ ಬಣ್ಣ ಲೋಕಕ್ಕೆಲ್ಲ ಗೊತ್ತು. ಅದನ್ನು ಬೆಳೆಯುವ ಹಳೆಯ ಕ್ರಮ ಮಾತ್ರ ವಿಮೆಯ ಕಂಪ್ಯೂಟರಿಗೆ ಗೊತ್ತಿಲ್ಲ. ಇಲ್ಲಿ ಮೆಣಸಿನಕಾಯಿಯ ಜೊತೆ ಹತ್ತಿ, ಅದೇ ಹೊಲದಲ್ಲಿ ಉಳ್ಳಾಗಡ್ಡಿ ಹಾಕುವುದು ಹಿರಿಯರ ಕಾಲದಿಂದ ಬಂದ ರೂಢಿ. ಒಂದು ಹೋದರೆ ಇನ್ನೊಂದು ಕೈ ಹಿಡಿಯಲಿ ಎಂದು ಅಜ್ಜಂದಿರು ಮಾಡಿಕೊಂಡ ವಿಮೆ ಅದು. ಈಗ ಅದೇ ತೊಡಕು. ರೈತ ಮೆಣಸಿನಕಾಯಿಗೆ ಕಂತು ಕಟ್ಟಿರುತ್ತಾನೆ. ಬೆಳೆ ಸಮೀಕ್ಷೆಗೆ ಬಂದ ಹುಡುಗ ಎದ್ದು ಕಾಣುವ ಹತ್ತಿಯ ಫೋಟೊ ಹೊಡೆದು ಹತ್ತಿ ಎಂದು ನಮೂದಿಸಿರುತ್ತಾನೆ. ಆರು ತಿಂಗಳಾದ ಮೇಲೆ "ಬೆಳೆ ತಾಳೆಯಾಗುತ್ತಿಲ್ಲ" ಎಂಬ ಒಂದು ಸಾಲು ಬರುತ್ತದೆ. ಅರ್ಜಿ ತಿರಸ್ಕೃತ.

ಸಮೀಕ್ಷೆಯ ಹುಡುಗನಿಗೆ ತಾಕಿಗೆ ಇಷ್ಟು ಎಂದು ಕೊಡುವ ಪುಡಿಗಾಸಿನಲ್ಲಿ ಬದು ಸುತ್ತಿ ಎರಡು ಬೆಳೆ ನೋಡು ಎಂದರೆ ಅವನೂ ಬಡವನೇ. ಆದರೂ ತಮ್ಮಾ, ನಿನಗೂ ಹೇಳುತ್ತೇನೆ: ಆ ಫೋಟೊ ಒಬ್ಬರ ವರ್ಷದ ಅನ್ನ. ಬಗ್ಗಿ ನೋಡು. ಮತ್ತೆ ರೈತರೇ, ಸಮೀಕ್ಷೆಯಲ್ಲಿ ನಿಮ್ಮ ಹೊಲಕ್ಕೆ ಏನು ಬರೆದಿದ್ದಾರೆಂದು 'ಬೆಳೆ ದರ್ಶಕ್' ಆ್ಯಪಿನಲ್ಲಿ ನೋಡಬಹುದು, ತಪ್ಪಿದ್ದರೆ ಆಕ್ಷೇಪಣೆ ಹಾಕಬಹುದು. ಮನೆಯಲ್ಲಿ ಕಾಲೇಜಿಗೆ ಹೋಗುವ ಮಕ್ಕಳಿದ್ದರೆ ಅವರ ಕೈಯಲ್ಲಿ ಇದೊಂದು ಕೆಲಸ ಮಾಡಿಸಿ. ರೀಲ್ಸ್ ಆಮೇಲೆ ನೋಡಲಿ.

ಲಾವಣಿ ಮಾಡಿದವರ ಪಾಡು ಇನ್ನೂ ಕೆಳಗೆ. ಕರ್ನಾಟಕದ ಭೂಸುಧಾರಣಾ ಕಾಯ್ದೆ ಗೇಣಿಯನ್ನು ಒಪ್ಪುವುದಿಲ್ಲ. ಊರಿನ ಬದುಕು ಒಪ್ಪುತ್ತದೆ. ಆದ್ದರಿಂದ ಲಾವಣಿ ಎಂಬುದು ಬಾಯಿಮಾತಿನಲ್ಲೇ ನಡೆಯುತ್ತದೆ. ಉತಾರ ಹೊಲದ ಒಡೆಯನ ಹೆಸರಿನಲ್ಲಿ, ಬೀಜ ಗೊಬ್ಬರದ ಸಾಲ ಉಳುವವನ ಹೆಸರಿನಲ್ಲಿ. ಬೆಳೆ ಹೋದಾಗ ವಿಮೆ ಹಣ, ಬಂದರೆ, ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಇರುವ ಒಡೆಯನ ಖಾತೆಗೆ ಹೋಗಿ ಬೀಳುತ್ತದೆ. ಒಡೆಯರೇ, ಮಣ್ಣು ನಿಮ್ಮದು, ಒಪ್ಪಿದೆ. ಆ ವರ್ಷದ ನಷ್ಟ ನಿಮ್ಮದಲ್ಲ. ಮೊಬೈಲಿಗೆ ಬಂದ ಆ ಸಂದೇಶ ನೋಡಿ ಸುಮ್ಮನಿರುವುದನ್ನು ಯಾವ ಕಾನೂನೂ ತಡೆಯಲಾರದು, ನೀವೇ ತಡೆಯಬೇಕು. ಗಂಡ ತೀರಿಹೋದ ಮೇಲೆ ಪೌತಿ ಖಾತೆ ಆಗದೆ, ಸತ್ತವನ ಹೆಸರಿನ ಉತಾರ ಹಿಡಿದು ಹೊಲ ಮಾಡುವ ಹೆಣ್ಣುಮಕ್ಕಳ ಮಾತೂ ಇದರ ಜೊತೆಗೇ ಬರುತ್ತದೆ. ತಾಲ್ಲೂಕು ಕಚೇರಿಯಲ್ಲಿ ಅವರ ಕಡತ ಎಷ್ಟು ದಿನ ಮಲಗುತ್ತದೋ ಅಷ್ಟು ಹಂಗಾಮು ಅವರು ವಿಮೆಯ ಹೊರಗೆ.

ಆಲಿಕಲ್ಲು, ಹೊಲಕ್ಕೆ ನೀರು ನುಗ್ಗುವುದು, ಮೇಘಸ್ಫೋಟ, ಸಿಡಿಲಿನ ಬೆಂಕಿ ಇವು ವಿಮೆಯ ಲೆಕ್ಕದಲ್ಲಿ ಸ್ಥಳೀಯ ವಿಕೋಪ. ಕೊಯ್ದು ಹೊಲದಲ್ಲೇ ಒಣಗಲು ಹರವಿದ ಬೆಳೆಗೆ 14 ದಿನದೊಳಗೆ ಮಳೆ ಬಡಿದರೆ ಅದಕ್ಕೂ ರಕ್ಷಣೆ ಇದೆ. ಇಲ್ಲಿ ಮಾತ್ರ ನಿಮ್ಮ ಹೊಲವನ್ನೇ ನೋಡಿ ಕೊಡುತ್ತಾರೆ. ಷರತ್ತು ಒಂದೇ, 72 ಗಂಟೆಯೊಳಗೆ ತಿಳಿಸಬೇಕು. ವರದೆಯ ದಂಡೆಯಲ್ಲಿ, ತುಂಗಭದ್ರೆಯ ದಂಡೆಯಲ್ಲಿ ಹೊಳೆ ಉಕ್ಕಿದಾಗ ಮೊದಲ ಮೂರು ದಿನ ಜನ ದನಕರು ಮೇಲಕ್ಕೆ ಸಾಗಿಸುತ್ತಿರುತ್ತಾರೆ. ಕರೆಂಟು ಇರುವುದಿಲ್ಲ, ಫೋನು ಸತ್ತಿರುತ್ತದೆ. ನಾಲ್ಕನೆಯ ದಿನ ಹೋದವನಿಗೆ ಅವಧಿ ಮುಗಿಯಿತು ಎನ್ನುವ ಕಂಪನಿ, ತನ್ನ ಅವಧಿಯನ್ನು ಎಷ್ಟು ಪಾಲಿಸುತ್ತದೆ? ದೂರು ಬಂದ 48 ಗಂಟೆಯಲ್ಲಿ ಸಮೀಕ್ಷಕನನ್ನು ನೇಮಿಸಬೇಕು, 10 ದಿನದಲ್ಲಿ ನಷ್ಟದ ಅಂದಾಜು ಮುಗಿಯಬೇಕು, ವರದಿಯಾದ 15 ದಿನದಲ್ಲಿ ಹಣ ಕೊಡಬೇಕು. ಇದೂ ಯೋಜನೆಯ ಮಾರ್ಗಸೂಚಿಯಲ್ಲೇ ಇದೆ. ತಡವಾದರೆ ಶೇ. 12 ಬಡ್ಡಿ ಸೇರಿಸಿ ಕೊಡಬೇಕು ಎಂದೂ ಇದೆ. ಬಡ್ಡಿ ಸೇರಿ ಬಂತು ಎಂದು ಹೇಳಿದ ರೈತ ನಿಮ್ಮ ಊರಿನಲ್ಲಿ ಯಾರಾದರೂ ಇದ್ದರೆ ಅವರಿಗೆ ನನ್ನ ನಮಸ್ಕಾರ.

ರಾಜ್ಯ ಸರ್ಕಾರವೂ ಕೈ ತೊಳೆದುಕೊಳ್ಳುವಂತಿಲ್ಲ. ತನ್ನ ಪಾಲಿನ ಕಂತನ್ನು ಅದು ತಡ ಮಾಡಿದರೆ ಕಂಪನಿಗೆ ಅದೇ ನೆಪ. ಬ್ಯಾಂಕು ಅರ್ಜಿಯಲ್ಲಿ ಬೆಳೆಯ ಹೆಸರನ್ನೋ ಊರಿನ ಹೆಸರನ್ನೋ ತಪ್ಪಾಗಿ ತುಂಬಿದರೆ, ನಷ್ಟ ಕಟ್ಟಿಕೊಡುವ ಹೊಣೆ ಬ್ಯಾಂಕಿನದೇ ಎಂದು ಮಾರ್ಗಸೂಚಿ ಹೇಳುತ್ತದೆ. ಇದನ್ನು ಕೌಂಟರಿನಲ್ಲಿ ನಿಂತು ಹೇಳಿ ನೋಡಿ. "ಅದೆಲ್ಲ ಮೇಲಿನಿಂದ ಆಗಬೇಕ್ರೀ" ಎಂಬ ಉತ್ತರ ಬರುತ್ತದೆ.

ರಾಣೆಬೆನ್ನೂರಿನವರು ಕೃಷ್ಣಮೃಗ ಅಭಯಾರಣ್ಯವನ್ನು 1974ರಿಂದ ಸಾಕಿದ್ದಾರೆ. ಅರಣ್ಯ ಇಲಾಖೆ ಸಾಕಿದೆ ಎಂದು ಫಲಕ ಹೇಳಬಹುದು. ಮೇವು ಒದಗಿಸಿದವರು ಸುತ್ತಲಿನ ಹೊಲದವರು. ಕಾಡುಪ್ರಾಣಿ ಮೇಯ್ದ ನಷ್ಟವನ್ನೂ 2026ರ ಮುಂಗಾರಿನಿಂದ ವಿಮೆಗೆ ಸೇರಿಸುವುದಾಗಿ ಕೇಂದ್ರ ಸರ್ಕಾರ 2025ರ ನವೆಂಬರಿನಲ್ಲಿ ಪ್ರಕಟಿಸಿತು. ಅಲ್ಲಿಯೂ 72 ಗಂಟೆ, ಅಲ್ಲಿಯೂ ಸ್ಥಳ ಗುರುತಿರುವ ಫೋಟೊ. ಅದೇ ತಿಂಗಳು ಕೇಂದ್ರ ಕೃಷಿ ಸಚಿವರ ಮುಂದೆ ಬೇರೆ ಬೇರೆ ಕಡೆಯ ರೈತರ ದೂರು ಬಂದಿತ್ತು: ವಿಮೆ ಪರಿಹಾರ ಎಂದು ಖಾತೆಗೆ ಬಿದ್ದದ್ದು ಒಂದು ರೂಪಾಯಿ, ಮೂರು ರೂಪಾಯಿ, ಐದು ರೂಪಾಯಿ. ಸಚಿವರು ತನಿಖೆಗೆ ಹೇಳಿದರು. ಐದು ರೂಪಾಯಿಯ ಆದೇಶದ ಮೇಲೆ ಯಾರೋ ಒಬ್ಬರು ಒಪ್ಪಿಗೆ ಒತ್ತಿದ್ದಾರಲ್ಲ, ಒತ್ತುವಾಗ ಅವರಿಗೆ ಏನೂ ಅನ್ನಿಸಲಿಲ್ಲವೇ ಎಂದು ನನಗೆ ಇವತ್ತಿಗೂ ಕುತೂಹಲ.

ಬೆಳೆಗೆ ವಿಮೆ ಎಂಬ ಯೋಚನೆ ದಿಲ್ಲಿಯಿಂದ ಬಂದ ಹೊಸ ಮಾತಲ್ಲ. ಮೈಸೂರು ಸಂಸ್ಥಾನದ ಅಧಿಕಾರಿ ಜೆ. ಎಸ್. ಚಕ್ರವರ್ತಿ 1920ರಲ್ಲೇ ಇದರ ಮೇಲೆ ಪುಸ್ತಕ ಬರೆದರು. ಒಬ್ಬೊಬ್ಬರ ಹೊಲ ನೋಡಿ ನಷ್ಟ ಅಳೆಯುವುದು ಆಗದ ಹೋಗದ ಕೆಲಸ, ಜಗಳಕ್ಕೆ ದಾರಿ. ಮಳೆಯನ್ನು ಅಳೆಯಿರಿ, ಮಳೆ ಇಷ್ಟಕ್ಕಿಂತ ಕಡಿಮೆಯಾದರೆ ಆ ಪ್ರದೇಶದ ವಿಮೆ ಮಾಡಿಸಿದವರಿಗೆಲ್ಲ ಹಣ ಕೊಡಿ ಎಂಬುದು ಅವರ ಯೋಜನೆಯ ತಿರುಳು. ಲೋಕದಲ್ಲಿ ಇಂಥ ಆಲೋಚನೆಗಳಲ್ಲಿ ಬಹಳ ಮೊದಲಿನದು ಅದು. ಇಂದು ಅಡಿಕೆ, ಮಾವಿನಂಥ ಬೆಳೆಗೆ ನಮ್ಮಲ್ಲಿ ನಡೆಯುವ ಹವಾಮಾನ ಆಧಾರಿತ ವಿಮೆ ಹೆಚ್ಚುಕಡಿಮೆ ಅದೇ ದಾರಿಯದು. ಪಂಚಾಯ್ತಿಗೊಂದು ಮಳೆಮಾಪಕ, ಬೆಂಗಳೂರಿನ ಪ್ರಕೃತಿ ವಿಕೋಪ ಉಸ್ತುವಾರಿ ಕೇಂದ್ರಕ್ಕೆ ತಾನಾಗಿಯೇ ಹೋಗುವ ಅಂಕಿ. ಮನುಷ್ಯನ ಕೈ ತಪ್ಪಿತು ಎಂದು ಸಂತೋಷಪಟ್ಟರೆ, ಮಾಪಕದ ಪಕ್ಕದಲ್ಲೇ ಬೆಳೆದ ಗಿಡ, ಕೆಟ್ಟು ನಿಂತ ಯಂತ್ರ, ಊರಾಚೆಯ ಹೊಲಕ್ಕೆ ಬಾರದೆ ಮಾಪಕದ ಮೇಲಷ್ಟೇ ಸುರಿದ ಮಳೆ. ಯಂತ್ರಕ್ಕೂ ಕಾವಲು ಬೇಕು, ಆ ಕಾವಲು ಮತ್ತೆ ಮನುಷ್ಯನೇ.

ದೇವರಗುಡ್ಡದಲ್ಲಿ ದಸರೆಯ ಹೊತ್ತಿಗೆ ಗೊರವಯ್ಯ ಬಿಲ್ಲು ಏರಿ ಕಾರಣಿಕ ನುಡಿಯುತ್ತಾನೆ. ಆ ಒಂದೇ ಸಾಲಿಗೆ ಗುಡ್ಡ ಇಳಿದು ಬರುವ ಜನ ಹತ್ತು ಅರ್ಥ ಹೇಳುತ್ತಾರೆ, ಯಾರಿಗೂ ಬೇಸರವಿಲ್ಲ. ಕಾರಣಿಕ ಇರುವುದೇ ಹಾಗೆ. ವಿಮೆಯ ತಿರಸ್ಕಾರ ಪತ್ರ ಕಾರಣಿಕದ ಹಾಗೆ ಇರಕೂಡದು. "ತಾಂತ್ರಿಕ ಕಾರಣ" ಎಂದರೆ ಏನು? "ಅರ್ಹತೆ ಇಲ್ಲ" ಎಂದರೆ ಯಾವ ಅರ್ಹತೆ? ನಿರ್ಧಾರದಿಂದ ಬಾಧೆಗೊಳಗಾದವನಿಗೆ ಕಾರಣ ಕೊಡಬೇಕು ಎಂದು 2005ರ ಮಾಹಿತಿ ಹಕ್ಕು ಕಾಯ್ದೆಯ 4ನೆಯ ಕಲಮೇ ಸರ್ಕಾರಿ ಕಚೇರಿಗಳಿಗೆ ಹೇಳುತ್ತದೆ. ಕೇಳುವ ಮುಂಚೆಯೇ ಕೊಡಬೇಕಾದದ್ದು ಅದು. ಇಷ್ಟು ಪಟ್ಟಿ, ಇಷ್ಟು ಕಾಳು, ತೇವ ಇಷ್ಟು, ಪ್ರಾರಂಭಿಕ ಇಳುವರಿ ಇಷ್ಟು, ಆದ್ದರಿಂದ ನಿನಗೆ ಇಷ್ಟು, ಇಲ್ಲವೆ ಏನೂ ಇಲ್ಲ ಎಂದು ಕನ್ನಡದಲ್ಲಿ ಐದು ಸಾಲು ಬರೆದು ಕೊಡಿ. ನಮ್ಮ ರೈತ ನಷ್ಟವನ್ನು ತಡೆದುಕೊಳ್ಳಬಲ್ಲ, ಪೀಳಿಗೆಗಳಿಂದ ತಡೆದುಕೊಂಡಿದ್ದಾನೆ. ಉತ್ತರ ಕೊಡದ ಕಿಟಕಿಯನ್ನು ತಡೆದುಕೊಳ್ಳಲಾರ.

ಉತ್ತರ ಸಿಗದ ಸಿಟ್ಟನ್ನು ಈ ಹಾವೇರಿ ಜಿಲ್ಲೆ ಕಂಡಿದೆ. 2008ರ ಜೂನ್ 10ರಂದು ಹಾವೇರಿಯಲ್ಲಿ ಗೊಬ್ಬರ ಕೇಳಲು ಸೇರಿದ್ದ ರೈತರ ಮೇಲೆ ಗುಂಡು ಹಾರಿತು, ಇಬ್ಬರು ಪ್ರಾಣ ಬಿಟ್ಟರು. 2024ರ ಮಾರ್ಚ್ 11ರಂದು ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ದರ ಕುಸಿದಾಗ ಎಪಿಎಂಸಿ ಕಚೇರಿಗೆ, ನಿಂತ ವಾಹನಗಳಿಗೆ ಬೆಂಕಿ ಬಿತ್ತು. ಬೆಂಕಿ ಹಚ್ಚಿದ್ದನ್ನು ನಾನು ಸಮರ್ಥಿಸುವುದಿಲ್ಲ, ಆ ದಿನ ನಷ್ಟವಾದವರಲ್ಲಿ ಬಡವರೂ ಇದ್ದರು. ಬೆಲೆ ಕುಸಿತಕ್ಕೆ ಬೆಳೆ ವಿಮೆಯಲ್ಲಿ ರಕ್ಷಣೆಯೂ ಇಲ್ಲ. ಅದು ಬೇರೆಯೇ ಹೋರಾಟ. ಆದರೆ ಕೇಳಿದ್ದಕ್ಕೆ ಕಾರಣ ಹೇಳುವ ಅಭ್ಯಾಸವೇ ಇಲ್ಲದ ಕಚೇರಿಗಳು ಕೂಡಿಟ್ಟ ಸಿಟ್ಟು ಯಾವತ್ತು ಯಾವ ನೆಪದಲ್ಲಿ ಹೊರಬರುತ್ತದೆ ಎಂದು ಹೇಳಲಾಗದು.

ಕಾನೂನಿನ ಬಾಗಿಲು ಮುಚ್ಚಿಲ್ಲ, ದೂರ ಇದೆ ಅಷ್ಟೇ. 14447 ಸಹಾಯವಾಣಿಗೆ ಫೋನು ಮಾಡಿ ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಕುಂದುಕೊರತೆ ಸಮಿತಿ ಇದೆ, ಅಲ್ಲಿಗೆ ಬರವಣಿಗೆಯಲ್ಲಿ ಕೊಡಿ. ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. 5 ಲಕ್ಷ ರೂಪಾಯಿವರೆಗಿನ ವ್ಯಾಜ್ಯಕ್ಕೆ ಅಲ್ಲಿ ಶುಲ್ಕವಿಲ್ಲ. ಎರಡು ವರ್ಷದೊಳಗೆ ಹೋಗಬೇಕು. ರೈತ ಗ್ರಾಹಕನೇ ಎಂಬುದರಲ್ಲಿ ಅನುಮಾನ ಉಳಿದಿಲ್ಲ. ರಾಷ್ಟ್ರೀಯ ಬೀಜ ನಿಗಮದ ವಿರುದ್ಧ ಆಂಧ್ರದ ರೈತರು ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2012ರಲ್ಲೇ ಅದನ್ನು ಎತ್ತಿಹಿಡಿಯಿತು. ಬೀಜದ ಊರು ಎಂದೇ ಹೆಸರಾದ ರಾಣೆಬೆನ್ನೂರಿನವರು ಈ ತೀರ್ಪನ್ನು ನೆನಪಿಡಬೇಕು. ಇಲ್ಲಿನ ವಕೀಲರೂ ಕೇಳಿಸಿಕೊಳ್ಳಲಿ: ವರ್ಷಕ್ಕೆ ಇಂಥ ನಾಲ್ಕು ಪ್ರಕರಣ ಫೀಸಿಲ್ಲದೆ ನಡೆಸಿದರೆ ನಿಮ್ಮ ವೃತ್ತಿ ಬಡವಾಗುವುದಿಲ್ಲ.

ಆದರೂ ಕೋರ್ಟಿಗೆ ಹೋಗುವುದು ತೂಕ ತಪ್ಪಿದ ಮೇಲಿನ ಮಾತು. ನನ್ನ ಬೇಡಿಕೆ ತೂಕದ ದಿನಕ್ಕೇ ಸಂಬಂಧಿಸಿದ್ದು. ಕಟಾವು ಪ್ರಯೋಗ ಯಾವ ಹೊಲದಲ್ಲಿ, ಯಾವ ದಿನ ಎಂದು ಹಿಂದಿನ ದಿನವೇ ಊರಿನಲ್ಲಿ ಡಂಗುರ ಸಾರಿಸಿ. ತೂಗಿದ ಅಂಕಿಯನ್ನು ಅಲ್ಲೇ, ನೆರೆದವರ ಮುಂದೆ, ಜೋರಾಗಿ ಓದಿ. ನಾಲ್ಕೂ ಪ್ರಯೋಗದ ಅಂಕಿಯನ್ನು ಪಂಚಾಯ್ತಿ ಕಚೇರಿಯ ಗೋಡೆಗೆ ಹಚ್ಚಿ, ಆಕ್ಷೇಪಣೆಗೆ ಒಂದು ವಾರ ಬಿಟ್ಟು, ಆಮೇಲೆ ಕಂಪನಿಗೆ ಕಳಿಸಿ. ಹಾವೇರಿ ಜಿಲ್ಲಾಡಳಿತ ಮನಸ್ಸು ಮಾಡಿದರೆ ಇದಕ್ಕೆ ಒಂದು ಪುಟದ ಸುತ್ತೋಲೆ ಸಾಕು. ಹೊಸ ಕಾನೂನು ಬೇಡ, ಹೊಸ ಅನುದಾನ ಬೇಡ.

ಸುತ್ತೋಲೆ ಬರುವವರೆಗೆ ಕಾಯಬೇಕಾಗಿಯೂ ಇಲ್ಲ. ಕುಪ್ಪೇಲೂರು, ಮೇಡ್ಲೇರಿ, ಕಾಗಿನೆಲೆ, ಗುತ್ತಲ ಯಾವ ಹೋಬಳಿಯ ಊರೇ ಆಗಲಿ, ಗೂಟ ಹೊಡೆಯುವ ದಿನ ನಾಲ್ಕು ಜನ ಹೊಲಕ್ಕೆ ಹೋಗಿ. ಕಡಿಮೆ ಬರೆಯಿರಿ ಎನ್ನಲು ಹೋಗಬೇಡಿ, ನೋಡಲು ಹೋಗಿ. ಸೊಸೈಟಿಯಲ್ಲಿ ಪರೀಕ್ಷೆಯಾದ ತಕ್ಕಡಿ ಒಯ್ಯಿರಿ. ಒಂದು ನೋಟ್‌ಬುಕ್ಕಿನಲ್ಲಿ ತಾರೀಕು, ಸರ್ವೆ ನಂಬರು, ಪಟ್ಟಿಯ ಅಳತೆ, ಕಾಳಿನ ತೂಕ, ಕಾಳು ಹಸಿಯೋ ಒಣವೋ ಎಂಬುದನ್ನು ಬರೆದು, ತೂಗಿದ ಅಧಿಕಾರಿಯ ಸಹಿ ಕೇಳಿ. ಸಹಿ ಮಾಡುವ ಅಧಿಕಾರಿಗೆ ಚಹಾ ಕುಡಿಸಿ ಕಳಿಸಿ. ಮಾಡಲೊಲ್ಲೆ ಎಂದರೆ, ಒಲ್ಲೆ ಎಂದರು ಎಂದು ಬರೆದು ನೀವು ನಾಲ್ವರೂ ಸಹಿ ಹಾಕಿ. ಮುಂದೆ ಪಂಚಾಯ್ತಿಯ ಇಳುವರಿ ಪ್ರಕಟವಾದಾಗ ಆ ಪುಸ್ತಕದ ಅಂಕಿಯೂ ಈ ಅಂಕಿಯೂ ಬೇರೆಯಾಗಿದ್ದರೆ, ಅದನ್ನೇ ಹಿಡಿದುಕೊಂಡು ತಹಶೀಲ್ದಾರರ ಮುಂದೆ ನಿಲ್ಲಿ, ಅಲ್ಲಿ ಕೆಲಸವಾಗದಿದ್ದರೆ ಹಾವೇರಿಯ ಬಸ್ಸು ಹತ್ತಿ.